ಮುನ್ ನೆಲದಲ್ಲಿ ರೋವರ್ ಹಟ ಮಾಡಿದಾಗ: ಆರು ಚಕ್ರದ ಗಾಡಿಯೊಂದರ ರಿಪೇರಿ ದಾಖಲೆ

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟದಲ್ಲಿ ರಾಕೆಟ್ ಕಟ್ಟಿ ಮುನ್‌ಗೆ (ಆಟದ ಚಂದ್ರನಿಗೆ) ಹೋಗಿಬರುವುದನ್ನು ಕಲಿತವರು ಕೂಡ ರೋವರ್ (ಅಲ್ಲಿನ ನೆಲದ ಮೇಲೆ ಓಡಿಸುವ ಗಾಡಿ) ವಿಷಯಕ್ಕೆ ಬಂದರೆ ತಡವರಿಸುತ್ತಾರೆ. ರನ್‌ವೇ ಮೇಲೆ ಬೆಣ್ಣೆಯಂತೆ ಓಡಿದ ಗಾಡಿ ಮುನ್‌ಗೆ ಇಳಿದ ಕೂಡಲೇ ಮೂತಿ ನೆಲಕ್ಕೆ ಊರುತ್ತದೆ, ಪುಟಿಯುತ್ತದೆ, ಬ್ರೇಕ್ ಹಾಕಿದರೂ ಜಾರುತ್ತದೆ. ಕಾರಣ ಒಂದೇ. ಅಲ್ಲಿ ಗಾಡಿಯ ತೂಕ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದರ ದ್ರವ್ಯರಾಶಿ, ಮೋಟಾರಿನ ಬಲ, ಸ್ಪ್ರಿಂಗಿನ ಬಿಗಿ, ರಿಯಾಕ್ಷನ್ ವೀಲ್‌ನ (ನೌಕೆಯನ್ನು ಒಳಗಿನಿಂದಲೇ ತಿರುಗಿಸುವ ಭಾಗ) ತಿರುಚುಬಲ ಯಾವುದೂ ಕಡಿಮೆಯಾಗುವುದಿಲ್ಲ. ಕೆಳಗೆ ಬರುವ ಎಲ್ಲ ದೋಷಗಳ ಬೇರು ಹೆಚ್ಚುಕಡಿಮೆ ಇದೇ.

ಇಲ್ಲಿ ಹೇಳುವುದು ಮೊದಲನೆಯ ಆಟದ 1.12 ಆವೃತ್ತಿಗೆ, ಮಾಡ್ (ಹೊರಗಿನವರು ಮಾಡಿದ ಸೇರ್ಪಡೆ) ಇಲ್ಲದ ಸ್ಟಾಕ್ (ಆಟದ ಜತೆಗೇ ಬರುವ) ಭಾಗಗಳಿಗೆ ಅನ್ವಯಿಸುತ್ತದೆ. 2016ರಲ್ಲಿ ಬಂದ 1.1 ಆವೃತ್ತಿಯಲ್ಲಿ ಆಟ ಯೂನಿಟಿ 5 ಎಂಬ ಗೇಮ್ ಎಂಜಿನ್‌ಗೆ ಬದಲಾದಾಗ ಚಕ್ರಗಳ ಭೌತಶಾಸ್ತ್ರವೇ ಹೊಸದಾಯಿತು. ಹಾಗಾಗಿ ಅದಕ್ಕಿಂತ ಹಳೆಯ ಸಲಹೆಗಳು ಈಗ ಕೆಲಸಕ್ಕೆ ಬಾರವು. ಶುರು ಮಾಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್ಡ್ ಟ್ವೀಕಬಲ್ಸ್’ ಆನ್ ಮಾಡಿಕೊಳ್ಳಿ. ಮುಂದೆ ಹೆಸರಿಸುವ ಕೆಲವು ಸ್ಲೈಡರ್‌ಗಳು ಅದಿಲ್ಲದೆ ಕಾಣಿಸುವುದಿಲ್ಲ.

ಗಾಡಿ

ಮಾದರಿಗೆ ತೆಗೆದುಕೊಂಡಿರುವುದು ಒಬ್ಬ ಕರ್ಬಲ್ (ಆಟದ ಗಗನಯಾತ್ರಿ) ಕೂರಬಲ್ಲ ಸಾದಾ ಗಾಡಿ. ನಡುವೆ ಗಾಡಿಯನ್ನು ನಿಯಂತ್ರಿಸುವ ರೋವ್‌ಮೇಟ್ ಎಂಬ ಭಾಗ ಒಂದು (0.15 ಟನ್, ಒಳಗೇ 120 ಯೂನಿಟ್ ವಿದ್ಯುತ್). ರೋವ್‌ಮ್ಯಾಕ್ಸ್ ಎಂ1 ಚಕ್ರಗಳು ಆರು, ಒಂದೊಂದು 0.075 ಟನ್‌ನಂತೆ ಒಟ್ಟು 0.45. ಒಂದು ಎಕ್ಸ್‌ಟರ್ನಲ್ ಕಮಾಂಡ್ ಸೀಟು, 400 ಯೂನಿಟ್ಟಿನ ಬ್ಯಾಟರಿ ಎರಡು, ಆಕ್ಸ್-ಸ್ಟಾಟ್ ಸೌರಫಲಕ ಎಂಟು, ಒಂದು ಆರ್‌ಟಿಜಿ (ಬಿಸಿಲಿಲ್ಲದೆಯೂ ವಿದ್ಯುತ್ ಕೊಡುವ ಜನರೇಟರ್), 5 ಕಿಲೋನ್ಯೂಟನ್-ಮೀಟರ್‌ನ ಸಣ್ಣ ರಿಯಾಕ್ಷನ್ ವೀಲ್ ಒಂದು. ಚೌಕಟ್ಟು, ಆಂಟೆನಾ, ಕೂತ ಕರ್ಬಲ್ ಎಲ್ಲ ಸೇರಿ ಸುಮಾರು 1.2 ಟನ್. ಎಡ-ಬಲ ಚಕ್ರಗಳ ನಡುವೆ 2 ಮೀಟರ್ ಅಂತರ; ಭಾರಕೇಂದ್ರದಿಂದ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 1.5 ಮೀಟರ್, ಭಾರಕೇಂದ್ರ ನೆಲದಿಂದ 0.8 ಮೀಟರ್ ಎತ್ತರದಲ್ಲಿ. ನಿಮ್ಮ ಗಾಡಿ ಬೇರೆ ಇದ್ದರೆ ಈ ನಾಲ್ಕು ಅಂಕಿಗಳನ್ನು (ತೂಕ, ಅಗಲ, ಉದ್ದ, ಎತ್ತರ) ಬದಲಿಸಿ ಲೆಕ್ಕ ಹಾಕಿದರೆ ಸಾಕು.

ಎಂ1 ಯಾಕೆ ಎಂದರೆ ಎಸ್2 ಚಕ್ರ 0.05 ಟನ್ ಮಾತ್ರ, ಆದರೆ ನಿಧಾನ, ನೆಲದಿಂದ ಎತ್ತರವೂ ಸಿಗದು. ಟಿಆರ್-2ಎಲ್ 0.105 ಟನ್, ಗಟ್ಟಿ ಚಕ್ರ, ಸೆಕೆಂಡಿಗೆ ಸುಮಾರು 58 ಮೀಟರ್‌ವರೆಗೆ ಓಡುತ್ತದೆ. ಮುನ್‌ನಲ್ಲಿ ಆ ವೇಗ ತೆಗೆದುಕೊಂಡು ಮಾಡುವುದೇನೂ ಇಲ್ಲ. ಎಕ್ಸ್‌ಎಲ್3 ಒಂದೇ 1.25 ಟನ್, ಅಂದರೆ ಒಂದು ಚಕ್ರದ ಭಾರ ನಮ್ಮ ಇಡೀ ಗಾಡಿಗಿಂತ ಹೆಚ್ಚು. ಅದು ಅದಿರು ಅಗೆಯುವ ದೈತ್ಯ ವಾಹನಗಳಿಗೆ ಸರಿ.

ಗಾಡಿಯನ್ನು ಸ್ಪೇಸ್‌ಪ್ಲೇನ್ ಹ್ಯಾಂಗರ್‌ನಲ್ಲೇ ಕಟ್ಟಿ. ಅಲ್ಲಿ ಸಿಮೆಟ್ರಿ ತಾನಾಗಿಯೇ ಕನ್ನಡಿ ಬಿಂಬದ ರೀತಿ ಇರುತ್ತದೆ. ರಾಕೆಟ್ ಕಟ್ಟುವ ಕಟ್ಟಡದಲ್ಲಿ ಅದು ಸುತ್ತು ಸಿಮೆಟ್ರಿ, ಹಾಗಾಗಿ ಎದುರು ಬದಿಯ ಚಕ್ರ 180 ಡಿಗ್ರಿ ತಿರುಗಿ ಕೂರುತ್ತದೆ. ಅಲ್ಲೇ ಕಟ್ಟಬೇಕಾಗಿ ಬಂದರೆ ಆರ್ ಕೀ ಒತ್ತಿ ಸಿಮೆಟ್ರಿಯ ಬಗೆ ಬದಲಿಸಿಕೊಳ್ಳಿ. ಹ್ಯಾಂಗರ್‌ನಲ್ಲಿ ಕಟ್ಟಿ, ಆಮೇಲೆ ರಾಕೆಟ್‌ಗೆ ಸೇರಿಸಿದ ಗಾಡಿಯಲ್ಲೂ ಒಂದು ಚಕ್ರ ಕಿತ್ತು ಮತ್ತೆ ಅಂಟಿಸುವಾಗ ಇದೇ ಎಡವಟ್ಟು ನಡೆಯುತ್ತದೆ.

ಮುಂದೆ ಹೋಗು ಎಂದರೆ ಮೂತಿ ಊರುವುದು

ಹೊಸಬರ ಗಾಡಿಗಳಲ್ಲಿ ಅರ್ಧಕ್ಕರ್ಧ ಕೆಡುವುದು ಇಲ್ಲೇ. ಆಟದಲ್ಲಿ ಡಬ್ಲ್ಯು, ಎ, ಎಸ್, ಡಿ ಕೀಗಳಿಗೆ ಎರಡು ಕೆಲಸ: ಚಕ್ರ ಓಡಿಸುವುದು ಮತ್ತು ನೌಕೆಯ ಮೂತಿ ತಿರುಗಿಸುವುದು. ಡಬ್ಲ್ಯು ಒತ್ತಿದ ಕ್ಷಣ ಚಕ್ರಕ್ಕೆ ‘ಮುಂದೆ’ ಎನ್ನುವ ಆಜ್ಞೆ ಹೋಗುತ್ತದೆ, ಜತೆಗೇ ರಿಯಾಕ್ಷನ್ ವೀಲ್‌ಗೆ ‘ಮೂತಿ ಕೆಳಗೆ’ ಎನ್ನುವ ಆಜ್ಞೆಯೂ ಹೋಗುತ್ತದೆ. ಎಸ್ ಒತ್ತಿದರೆ ಇದರ ತಿರುಗುಮುರುಗು: ಹಿಂಭಾರವಾದ ಎತ್ತಿನ ಗಾಡಿಯ ನೊಗ ಮೇಲೆದ್ದ ಹಾಗೆ ಮುಂಭಾಗ ಏಳುತ್ತದೆ.

ರನ್‌ವೇಯಲ್ಲಿ ಇದು ಯಾಕೆ ಗೊತ್ತಾಗಲಿಲ್ಲ? ಲೆಕ್ಕ ನೋಡಿ. ಕರ್ಬಿನ್‌ನಲ್ಲಿ (ಆಟದ ಭೂಮಿಯಲ್ಲಿ) 1.2 ಟನ್ ಗಾಡಿಯ ತೂಕ 11.8 ಕಿಲೋನ್ಯೂಟನ್. ಅದನ್ನು ಮುಂದಿನ ಅಚ್ಚಿನ ಮೇಲೆ ಎತ್ತಬೇಕಾದರೆ 11.8 × 1.5, ಅಂದರೆ ಸುಮಾರು 17.7 ಕಿಲೋನ್ಯೂಟನ್-ಮೀಟರ್ ತಿರುಚುಬಲ ಬೇಕು. ನಮ್ಮಲ್ಲಿರುವುದು 5. ಗಾಡಿ ಕದಲುವುದಿಲ್ಲ. ಮುನ್‌ನಲ್ಲಿ ಗುರುತ್ವ 1.63 ಮೀ/ಸೆ², ತೂಕ 1.96 ಕಿಲೋನ್ಯೂಟನ್, ಬೇಕಾದ ತಿರುಚುಬಲ 2.9 ಮಾತ್ರ. ಅದೇ ಸಣ್ಣ ರಿಯಾಕ್ಷನ್ ವೀಲ್ ಇಡೀ ಗಾಡಿಯನ್ನು ಸಲೀಸಾಗಿ ಎತ್ತಿ ಮಗುಚುತ್ತದೆ. ಕರ್ಬಿನ್‌ನ ಇನ್ನೊಂದು ಚಂದ್ರ ಮಿನ್ಮಸ್‌ನಲ್ಲಿ (0.491 ಮೀ/ಸೆ²) 0.9 ಕಿಲೋನ್ಯೂಟನ್-ಮೀಟರ್ ಸಾಕು, ಅಲ್ಲಿ ಕೇಳುವುದೇ ಬೇಡ.

ಸರಿಪಡಿಸುವ ದಾರಿ ಎರಡು, ಎರಡನ್ನೂ ಮಾಡುವುದು ಒಳ್ಳೆಯದು. ಮೊದಲನೆಯದು, ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಚಕ್ರದ ನಾಲ್ಕು ಆಜ್ಞೆಗಳನ್ನು (ಮುಂದೆ, ಹಿಂದೆ, ಎಡ, ಬಲ) ನಂಬರ್ ಪ್ಯಾಡ್‌ನ 8, 5, 4, 6ಕ್ಕೆ ಬದಲಿಸುವುದು. ಬಾಣದ ಕೀಗಳು ಕ್ಯಾಮೆರಾಗೆ ಮೀಸಲಾಗಿವೆ, ಅವು ಬೇಡ. ಎರಡನೆಯದು, ರಿಯಾಕ್ಷನ್ ವೀಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಬಗೆಯನ್ನು ‘ನಾರ್ಮಲ್’ನಿಂದ ‘ಎಸ್‌ಎಎಸ್ ಓನ್ಲಿ’ಗೆ ಬದಲಿಸುವುದು (ಎಸ್‌ಎಎಸ್ ಎಂದರೆ ನೌಕೆಯ ಭಂಗಿಯನ್ನು ತಾನಾಗಿಯೇ ಹಿಡಿದಿಡುವ ವ್ಯವಸ್ಥೆ). ಆಗ ಕೀ ಒತ್ತಿದರೆ ಅದು ಕದಲುವುದಿಲ್ಲ, ಎಸ್‌ಎಎಸ್ ಆನ್ ಇದ್ದಾಗ ಮಾತ್ರ ಗಾಡಿಯನ್ನು ಹಿಡಿದಿಡುತ್ತದೆ. ರಿಯಾಕ್ಷನ್ ವೀಲನ್ನೇ ಕಿತ್ತುಹಾಕಿ ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಅದು ಬೇಡ: ಗಾಡಿ ಮಗುಚಿ ಬಿದ್ದಾಗ ಎತ್ತಿ ನಿಲ್ಲಿಸಲು ಬೇಕಾಗುವುದು ಅದೇ ಭಾಗ. ಅಡ್ಡ ಬಿದ್ದ ಗಾಡಿಗೆ ಒಮ್ಮೆ ‘ನಾರ್ಮಲ್’ಗೆ ಬದಲಿಸಿ, ಕ್ಯೂ ಅಥವಾ ಇ ಒತ್ತಿದರೆ ಉರುಳಿ ಎದ್ದು ನಿಲ್ಲುತ್ತದೆ.

ಓಡಿಸುವಾಗ ಎಸ್‌ಎಎಸ್ ಆಫ್ ಇರಲಿ. ಆನ್ ಇದ್ದರೆ ಅದು ಗಾಡಿಯ ಭಂಗಿಯನ್ನು ಹಿಡಿದುಕೊಂಡು ಕೂರುತ್ತದೆ. ನೆಲ ಇಳಿಜಾರಾದರೂ ಗಾಡಿ ಬಗ್ಗಲು ಬಿಡದೆ ಎರಡು ಚಕ್ರಗಳನ್ನು ಗಾಳಿಯಲ್ಲಿ ತೇಲಿಸುತ್ತದೆ. ನೆಲ ಬಿಟ್ಟು ಹಾರಿದ ಕ್ಷಣಗಳಲ್ಲಿ ಮಾತ್ರ ಎಫ್ ಕೀ ಒತ್ತಿ ಹಿಡಿದು ಎಸ್‌ಎಎಸ್ ತಾತ್ಕಾಲಿಕವಾಗಿ ಬಳಸಿ, ಚಕ್ರ ತಾಗಿದ ಕೂಡಲೇ ಬಿಡಿ.

ಸ್ಟೀರಿಂಗ್ ತಿರುಗುಮುರುಗಾದರೆ

ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುವುದು, ಅಥವಾ ಮುಂದೆ ಎಂದರೆ ಹಿಂದೆ ಹೋಗುವುದು ಕಂಡರೆ ಚಕ್ರಗಳ ‘ಇನ್ವರ್ಟ್’ ಬಟನ್‌ಗೆ ಕೈ ಹಾಕುವ ಮೊದಲು ನ್ಯಾವ್‌ಬಾಲ್ (ಪರದೆಯ ಕೆಳಗೆ ದಿಕ್ಕು ತೋರುವ ಗೋಳ) ನೋಡಿ. ಸಮತಟ್ಟು ನೆಲದಲ್ಲಿ ನಿಂತ ಗಾಡಿಗೆ ನ್ಯಾವ್‌ಬಾಲ್‌ನ ಅರ್ಧ ನೀಲಿ, ಅರ್ಧ ಕಂದು ಕಾಣಬೇಕು, ನೀಲಿ ಮೇಲಿರಬೇಕು. ಪೂರ್ತಿ ನೀಲಿ ಕಂಡರೆ ನಿಯಂತ್ರಣದ ಭಾಗ ಆಕಾಶಕ್ಕೆ ಮುಖ ಮಾಡಿದೆ ಎಂದರ್ಥ. ಬಣ್ಣ ಸರಿ ಇದ್ದು ದಿಕ್ಕಿನ ಅಂಕಿ 180 ಡಿಗ್ರಿ ವ್ಯತ್ಯಾಸ ತೋರಿಸಿದರೆ ಅದು ಹಿಂದುಮುಂದಾಗಿ ಕೂತಿದೆ.

ಆಟಕ್ಕೆ ‘ಮುಂದೆ’ ಯಾವುದು ಎಂದು ಗೊತ್ತಾಗುವುದು ನಿಯಂತ್ರಣದ ಭಾಗದಿಂದ. ಚಕ್ರದ ಮೋಟಾರು ಯಾವ ಕಡೆ ತಿರುಗಬೇಕು, ಹಿಂದಿನ ಚಕ್ರ ಮುಂದಿನದಕ್ಕೆ ವಿರುದ್ಧವಾಗಿ ಹೊರಳಬೇಕೇ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಹಾಗಾಗಿ ರೋವ್‌ಮೇಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಂಟ್ರೋಲ್ ಫ್ರಂ ಹಿಯರ್’ ಒತ್ತುವುದೇ ಮೊದಲ ಮದ್ದು. ಸೀಟಿಗೆ ಕರ್ಬಲ್ ಹತ್ತಿದ ಮೇಲೆ, ಲ್ಯಾಂಡರ್‌ನಿಂದ ಬೇರ್ಪಟ್ಟ ಮೇಲೆ, ಇನ್ನೊಂದು ನೌಕೆಗೆ ಡಾಕ್ ಆಗಿ (ಜೋಡಿಕೊಂಡು) ಬಿಟ್ಟ ಮೇಲೆ, ಈ ಮೂರೂ ಸಂದರ್ಭಗಳಲ್ಲಿ ನಿಯಂತ್ರಣ ಸದ್ದಿಲ್ಲದೆ ಬೇರೆ ಭಾಗಕ್ಕೆ ಹೋಗಿರಬಹುದು. ರೋವ್‌ಮೇಟನ್ನೇ ತಪ್ಪಾಗಿ ಕೂರಿಸಿದ್ದರೆ ಹ್ಯಾಂಗರ್‌ಗೆ ಮರಳಿ ತಿರುಗಿಸಬೇಕು. ಮುನ್‌ನಲ್ಲಿ ಆಗಲೇ ಇಳಿದುಬಿಟ್ಟಿದ್ದರೆ ಮಾತ್ರ ಇನ್ವರ್ಟ್ ಬಟನ್‌ಗಳ ಮೊರೆ ಹೋಗಿ.

ಆರು ಚಕ್ರದ ಗಾಡಿಯಲ್ಲಿ ನಡುವಿನ ಎರಡರ ಸ್ಟೀರಿಂಗ್ ಆಫ್ ಮಾಡಿ. ಅವು ಭಾರಕೇಂದ್ರದ ಪಕ್ಕದಲ್ಲೇ ಇರುವುದರಿಂದ ಹೊರಳಿದರೆ ಲಾಭವಿಲ್ಲ. ಜತೆಗೆ ಭಾರಕೇಂದ್ರ ಕೊಂಚ ಹಿಂದೆ ಮುಂದೆ ಸರಿದರೆ ಯಾವ ಕಡೆ ಹೊರಳಬೇಕೆಂಬ ಗೊಂದಲ ಬೇರೆ. ಹಿಂದಿನ ಚಕ್ರಗಳ ಸ್ಟೀರಿಂಗ್ ವೇಗದ ಓಟಕ್ಕೆ ಒಳ್ಳೆಯದಲ್ಲ. ಬಂಡೆಗಳ ಸಂದಿಯಲ್ಲಿ ನಿಧಾನವಾಗಿ ಓಡಾಡುವ ಗಾಡಿಗೆ ಮಾತ್ರ ಇಟ್ಟುಕೊಳ್ಳಿ.

ಯಾವ ಕೀಯೂ ಮುಟ್ಟದೆ ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ ಚಕ್ರದ ಕೋನ ಕೆಟ್ಟಿದೆ. ಮೊನೆಯಾಗುತ್ತ ಹೋಗುವ ಟ್ಯಾಂಕ್ ಅಥವಾ ದುಂಡಗಿನ ಕವಚಕ್ಕೆ ನೇರವಾಗಿ ಚಕ್ರ ಅಂಟಿಸಿದರೆ ಅದು ಆ ಮೇಲ್ಮೈಯ ಓರೆಯನ್ನೇ ಹಿಡಿಯುತ್ತದೆ. ಚಪ್ಪಟೆ ಬೀಮ್ ಅಥವಾ ಕ್ಯೂಬಿಕ್ ಆಕ್ಟಾಗನಲ್ ಸ್ಟ್ರಟ್ ಮೇಲೆ ಕೂರಿಸಿ. ಈಗಾಗಲೇ ಓರೆಯಾಗಿದ್ದರೆ 3 ಒತ್ತಿ ತಿರುಗಿಸುವ ಉಪಕರಣ ತೆಗೆದುಕೊಂಡು, ಎಫ್ ಒತ್ತಿ ಅದನ್ನು ‘ಅಬ್ಸಲ್ಯೂಟ್’ಗೆ ತಂದು, ಸಿ ಒತ್ತಿ ಸ್ನ್ಯಾಪ್ ಆನ್ ಮಾಡಿ ಒಮ್ಮೆ ಆಚೆಈಚೆ ತಿರುಗಿಸಿದರೆ ನೇರ ಕೋನಕ್ಕೆ ಬಂದು ಕೂರುತ್ತದೆ.

ಚಕ್ರವೇ ತಿರುಗದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಥಿತಿ ಓದಿ. ‘ಬ್ಲಾಕ್ಡ್’ ಎಂದಿದ್ದರೆ ಚಕ್ರದ ಸುತ್ತಿನೊಳಗೆ ಗಾಡಿಯದೇ ಇನ್ನೊಂದು ಭಾಗ ತೂರಿಕೊಂಡಿದೆ. ಅಂದಕ್ಕೆಂದು ಚಕ್ರವನ್ನು ಒಡಲೊಳಗೆ ತುರುಕಿದವರಿಗೆ ಸಿಗುವ ಬಹುಮಾನ ಇದು. 2 ಒತ್ತಿ ಆಫ್‌ಸೆಟ್ ಉಪಕರಣದಿಂದ ಹೊರಗೆಳೆಯಿರಿ. ಚಕ್ರ ನಿಂತ ಜಾಗವಷ್ಟೇ ಅಲ್ಲ, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಅದು ಏರುವ ಜಾಗವೂ ಖಾಲಿ ಇರಬೇಕು. ಬ್ಲಾಕ್ ಆಗಿಲ್ಲ, ಕರೆಂಟೂ ಇದೆ, ಆದರೂ ಯಾವ ಚಕ್ರವೂ ಅಲ್ಲಾಡುತ್ತಿಲ್ಲ ಎಂದಾದರೆ ಬ್ರೇಕ್ ದೀಪ ಮತ್ತು ಎಡ ಮೇಲಿನ ಸಿಗ್ನಲ್ ಪಟ್ಟಿ ನೋಡಿ. ಮುನ್ ಯಾವಾಗಲೂ ಒಂದೇ ಮುಖವನ್ನು ಕರ್ಬಿನ್‌ಗೆ ತೋರುತ್ತದೆ. ಆಚೆ ಬದಿಯಲ್ಲಿ ರಿಲೇ ಉಪಗ್ರಹವಿಲ್ಲದೆ, ಕರ್ಬಲ್ ಇಲ್ಲದ ಗಾಡಿಗೆ ಸಂಪರ್ಕ ಸಿಗದು.

ಒಂದು ಭಾಗಾಕಾರ, ಮೂರು ಉತ್ತರ

ಚಾಲನೆಗೆ ಬೇಕಾದ ಗಣಿತವೆಲ್ಲ ಒಂದೇ ಭಾಗಾಕಾರದಲ್ಲಿದೆ. ವೇಗದ ವರ್ಗವನ್ನು ಆ ಗ್ರಹದ ಗುರುತ್ವದಿಂದ ಭಾಗಿಸಿ. ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಕರ್ಬಿನ್‌ನಲ್ಲಿ 10 ಮೀಟರ್ ಬರುತ್ತದೆ, ಡ್ಯೂನಾ ಗ್ರಹದಲ್ಲಿ (2.94 ಮೀ/ಸೆ²) 34, ಮುನ್‌ನಲ್ಲಿ 61, ಮಿನ್ಮಸ್‌ನಲ್ಲಿ 204. ವೇಗ 20ಕ್ಕೆ ಏರಿದರೆ ಎಲ್ಲವೂ ನಾಲ್ಕು ಪಟ್ಟು: ಮುನ್‌ನಲ್ಲಿ 245 ಮೀಟರ್, ಮಿನ್ಮಸ್‌ನಲ್ಲಿ 815.

ಹಿಡಿತದ ಗುಣಾಂಕ 1 ಎಂದು ಹಿಡಿದರೆ, ಆ ವೇಗದಲ್ಲಿ ಗಾಡಿ ಜಾರದೆ ತಿರುಗಬಲ್ಲ ಅತಿ ಸಣ್ಣ ವೃತ್ತದ ತ್ರಿಜ್ಯ ಇದು. ದಿಬ್ಬದ ನೆತ್ತಿಯ ಬಾಗು ಇದಕ್ಕಿಂತ ಚೂಪಾಗಿದ್ದರೆ ಚಕ್ರ ನೆಲ ಬಿಡುತ್ತದೆ ಎನ್ನುವ ಗಡಿಯೂ ಇದೇ. ಇದರ ಅರ್ಧ, ಬ್ರೇಕ್ ಹಾಕಿ ನಿಲ್ಲಲು ಬೇಕಾದ ದೂರ: ಮುನ್‌ನಲ್ಲಿ 10 ಮೀ/ಸೆ ವೇಗಕ್ಕೆ 31 ಮೀಟರ್, 20ಕ್ಕೆ 123. ಕುಳಿಯ ಅಂಚು ಕಂಡಮೇಲೆ ಬ್ರೇಕ್ ಹಿಡಿದರೆ ಯಾಕೆ ತಡವಾಗುತ್ತದೆ ಎಂಬುದು ಈ ಅಂಕಿಯಲ್ಲೇ ಇದೆ. ಸಂಜೆಯ ಓರೆ ಬೆಳಕಿನಲ್ಲಿ ಹತ್ತಿರದ ಹಳ್ಳವೂ ಕಾಣದು, ಆಗ 8 ಮೀ/ಸೆ ದಾಟದಿರುವುದು ಲೇಸು.

ಗಿಲ್ಲಿ ಎಂಬ ಪುಟ್ಟ ಉಪಗ್ರಹದ ವಿಷಯ ತಮಾಷೆಯಾಗಿದೆ. ಅಲ್ಲಿನ ಗುರುತ್ವ 0.049, ತ್ರಿಜ್ಯ 13 ಕಿಲೋಮೀಟರ್. ಸೆಕೆಂಡಿಗೆ 25 ಮೀಟರ್ ವೇಗಕ್ಕೆ ಈ ಭಾಗಾಕಾರದ ಉತ್ತರ ಸರಿಸುಮಾರು ಆ ತ್ರಿಜ್ಯದಷ್ಟೇ ಆಗುತ್ತದೆ, ಅಂದರೆ ಗಾಡಿ ಕಕ್ಷೆಗೆ ಹೋಗಿಬಿಡುತ್ತದೆ. ಎಂ1 ಚಕ್ರದ ಗರಿಷ್ಠ ವೇಗ ಸುಮಾರು 34. ಗಿಲ್ಲಿಗೆ ರೋವರ್ ಒಯ್ಯುವವರು ಚಕ್ರಗಳನ್ನು ಬಿಟ್ಟು ಆರ್‌ಸಿಎಸ್ (ನೌಕೆಯನ್ನು ಮೆಲ್ಲಗೆ ತಳ್ಳುವ ಸಣ್ಣ ನಳಿಕೆಗಳು) ನಂಬಿಕೊಳ್ಳುವುದೇ ವಾಸಿ.

ನಿಜದ ಚಂದ್ರನ ಗುರುತ್ವ 1.62, ಮುನ್‌ನದಕ್ಕೆ ಬಹುತೇಕ ಸಮ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗೂ ಆರೇ ಚಕ್ರ, 26 ಕಿಲೋ ಭಾರ, ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅದರ ರಾಕರ್-ಬೋಗಿ ತೋಳುಗಳು ಆರೂ ಚಕ್ರಗಳನ್ನು ನೆಲಕ್ಕೆ ಅಂಟಿಸಿಡುತ್ತವೆ. ನಮ್ಮ ಗಾಡಿಯಲ್ಲಿ ಅಂಥ ತೋಳಿಲ್ಲ, ಒಂದೊಂದು ಚಕ್ರಕ್ಕೆ ಒಂದೊಂದು ಸ್ಪ್ರಿಂಗ್ ಅಷ್ಟೆ. ವೇಗವನ್ನಂತೂ ಸಾವಿರ ಪಟ್ಟು ಹೆಚ್ಚಿಸಿಕೊಂಡಿದ್ದೇವೆ, ತೊಂದರೆಯೂ ಅದರಷ್ಟೇ ಇರುತ್ತದೆ.

ಮಗುಚುವುದನ್ನು ಜಾರುವುದಕ್ಕೆ ಬದಲಿಸುವುದು

ಗುರುತ್ವ ಕಡಿಮೆಯಾದರೆ ತಿರುವಿನಲ್ಲಿ ಮಗುಚುವುದು ಹೆಚ್ಚು ಎನ್ನುವ ಮಾತು ಅರ್ಧ ಮಾತ್ರ ನಿಜ. ಸಮತಟ್ಟು ನೆಲದಲ್ಲಿ ಗಾಡಿ ಮಗುಚುವುದು ಚಕ್ರದ ಹಿಡಿತದ ಗುಣಾಂಕವು ‘ಅರ್ಧ ಅಗಲ ಭಾಗಿಸು ಭಾರಕೇಂದ್ರದ ಎತ್ತರ’ ಎಂಬ ಅಂಕಿಯನ್ನು ಮೀರಿದಾಗ. ನಮ್ಮ ಗಾಡಿಗೆ ಅದು 1.0 ÷ 0.8, ಅಂದರೆ 1.25. ಈ ಲೆಕ್ಕದಲ್ಲಿ ಗುರುತ್ವವೇ ಬರುವುದಿಲ್ಲ; ತೂಕ ಇಳಿದರೆ ಹಿಡಿತವೂ ಅಷ್ಟೇ ಇಳಿಯುತ್ತದೆ. ಹಾಗಾದರೆ ಮುನ್‌ನಲ್ಲಿ ಯಾಕೆ ಮಗುಚುತ್ತದೆ? ತೂಕ ಕಡಿಮೆಯಾದಾಗ ಸ್ಪ್ರಿಂಗ್ ಕಡಿಮೆ ಒತ್ತಿ ಗಾಡಿ ಎತ್ತರಕ್ಕೆ ನಿಲ್ಲುತ್ತದೆ, ಎತ್ತರ 0.9 ಆದರೆ ಗಡಿ 1.1ಕ್ಕೆ ಇಳಿಯುತ್ತದೆ. ಅಡ್ಡ ಜಾರುತ್ತಿರುವ ಚಕ್ರ ಉಬ್ಬಿಗೆ ತಾಗಿ ತಡೆಯುಂಟಾದರೆ ಉರುಳಿಸುವ ಚಲನಶಕ್ತಿ ಕರ್ಬಿನ್‌ನಷ್ಟೇ ಇರುತ್ತದೆ, ತಡೆದು ನಿಲ್ಲಿಸುವ ತೂಕ ಮಾತ್ರ ಆರನೇ ಒಂದು. ರಿಯಾಕ್ಷನ್ ವೀಲ್‌ನ ಕತೆ ಆಗಲೇ ಹೇಳಿದ್ದಾಯಿತು.

ಆದ್ದರಿಂದ ಗಾಡಿ ಮಗುಚುವ ಮೊದಲೇ ಜಾರುವ ಹಾಗೆ ಹೊಂದಿಸಬೇಕು. ಚಕ್ರದ ‘ಫ್ರಿಕ್ಷನ್ ಕಂಟ್ರೋಲ್’ ಅನ್ನು ಆಟೊದಿಂದ ಓವರ್‌ರೈಡ್‌ಗೆ ಬದಲಿಸಿದರೆ ಸ್ಲೈಡರ್ ಬರುತ್ತದೆ, ಸಹಜ ಬೆಲೆ 1. ಮುಂದಿನ ಎರಡಕ್ಕೆ 0.6ರಿಂದ ಶುರು ಮಾಡಿ, ನಡುವಿನ ಮತ್ತು ಹಿಂದಿನ ನಾಲ್ಕನ್ನು 1ರಲ್ಲೇ ಬಿಡಿ. ಹೀಗೆ ಮಾಡಿದರೆ ಜೋರಾಗಿ ತಿರುಗಿಸಿದಾಗ ಮುಂಭಾಗ ಹೊರಕ್ಕೆ ಜಾರುತ್ತದೆ, ಗಾಡಿ ನೆಟ್ಟಗೇ ಇರುತ್ತದೆ. ಉಲ್ಟಾ ಮಾಡಿ ಹಿಂದಿನ ಹಿಡಿತ ಇಳಿಸಿದರೆ ಗಾಡಿ ಬುಗುರಿಯಾಗುತ್ತದೆ. ಸ್ಲೈಡರ್‌ನ ಅಂಕಿಯೇ ನಿಜವಾದ ಗುಣಾಂಕ ಎಂದು ತಿಳಿಯಬೇಡಿ, ಅದು ಅನುಪಾತ ಮಾತ್ರ. ನಿಮ್ಮ ಗಾಡಿಗೆ ಸರಿಯಾದ ಬೆಲೆ ತಿರುಗಿಸಿ ನೋಡಿಯೇ ಹಿಡಿಯಬೇಕು.

ಸ್ಟೀರಿಂಗಿನ ಕೋನವನ್ನೂ ಇಳಿಸಿ. ಪೂರ್ತಿ ಕೋನ ಇರುವುದು ನಿಧಾನದ ಓಡಾಟಕ್ಕೆ. 15 ಮೀ/ಸೆ ವೇಗದಲ್ಲಿ ಮುನ್ ಕೊಡುವ ವೃತ್ತವೇ 138 ಮೀಟರ್ ತ್ರಿಜ್ಯದ್ದು. ಚಕ್ರ ಅದಕ್ಕಿಂತ ಹೆಚ್ಚು ಹೊರಳಿದ್ದೆಲ್ಲ ನೆಲ ಉಜ್ಜುವುದಕ್ಕೆ ಮಾತ್ರ. ಮೂರನೇ ಒಂದು ಭಾಗಕ್ಕೆ ಇಳಿಸಿ, ಜತೆಗೆ ಕ್ಯಾಪ್ಸ್ ಲಾಕ್ ಒತ್ತಿ ನಯವಾದ ನಿಯಂತ್ರಣ ಬಳಸಿ. ಬ್ರೇಕಿನಲ್ಲೂ ಮುಂದಿನ ಜೋಡಿಯನ್ನು 40-50ಕ್ಕೆ ಇಳಿಸಿ, ಹಿಂದಿನ ಜೋಡಿಯನ್ನು 100ರಲ್ಲಿ ಇಡಿ.

ಅಗಲ ಹೆಚ್ಚಿಸುವುದಕ್ಕಿಂತ ಎತ್ತರ ಇಳಿಸುವುದು ಅಗ್ಗ. ಎಲ್ಲ ಬ್ಯಾಟರಿ, ಆರ್‌ಟಿಜಿ, ರಿಯಾಕ್ಷನ್ ವೀಲ್‌ಗಳನ್ನು ಚೌಕಟ್ಟಿನ ಕೆಳಬದಿಗೆ ಸರಿಸಿದರೆ ಭಾರಕೇಂದ್ರ 0.8ರಿಂದ 0.7ಕ್ಕೆ ಬಂದರೂ ಗಡಿ 1.43ಕ್ಕೆ ಏರುತ್ತದೆ. ಇದೇ ಲಾಭ ಅಗಲದಿಂದ ಬೇಕೆಂದರೆ ಎಡಬಲದ ಅಂತರ 2.3 ಮೀಟರ್ ಆಗಬೇಕು, ಆಗ ಫೇರಿಂಗ್‌ನೊಳಗೆ (ರಾಕೆಟ್ ತುದಿಯ ಕವಚದೊಳಗೆ) ಗಾಡಿ ಹಿಡಿಸುವುದಿಲ್ಲ.

ಪುಟಿತ

ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೆಳಗಿಳಿದ ಗಾಡಿ ಆ ವೇಗವನ್ನೆಲ್ಲ ಸ್ಪ್ರಿಂಗಿನಿಂದ ವಾಪಸ್ ಪಡೆದರೆ ಕರ್ಬಿನ್‌ನಲ್ಲಿ ಅರ್ಧ ಮೀಟರ್ ಪುಟಿಯುತ್ತದೆ. ಮುನ್‌ನಲ್ಲಿ 2.8 ಮೀಟರ್, ಮಿನ್ಮಸ್‌ನಲ್ಲಿ 9 ಮೀಟರ್‌ಗೂ ಹೆಚ್ಚು. ಮುನ್‌ನಲ್ಲಿ ಹೀಗೆ ಎದ್ದ ಗಾಡಿ ಮತ್ತೆ ನೆಲ ಮುಟ್ಟಲು 3.7 ಸೆಕೆಂಡು ಹಿಡಿಯುತ್ತದೆ. 15 ಮೀ/ಸೆ ವೇಗದಲ್ಲಿದ್ದರೆ ಅಷ್ಟರಲ್ಲಿ 55 ಮೀಟರ್ ಹೋಗಿರುತ್ತೀರಿ, ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ.

ಸ್ಪ್ರಿಂಗ್ ಮತ್ತು ಡ್ಯಾಂಪರ್ (ಸ್ಪ್ರಿಂಗಿನ ತೂಗಾಟ ತಡೆಯುವುದು) ಎರಡನ್ನೂ ಆಟೊದಿಂದ ಬಿಡಿಸಿ. ನಮ್ಮ ಗಾಡಿಯ ಒಂದು ಚಕ್ರದ ಮೇಲೆ ಕರ್ಬಿನ್‌ನಲ್ಲಿ ಸುಮಾರು 1960 ನ್ಯೂಟನ್ ಬೀಳುತ್ತದೆ, ಮುನ್‌ನಲ್ಲಿ 326, ಮಿನ್ಮಸ್‌ನಲ್ಲಿ 98. ಮುನ್‌ಗೆ ಸ್ಪ್ರಿಂಗ್ 0.5, ಡ್ಯಾಂಪರ್ 1.2 ಇಟ್ಟು ಶುರು ಮಾಡಬಹುದು. ಹೊಂದಿಸುವಾಗ ಒಂದು ಸಲಕ್ಕೆ ಒಂದೇ ಸ್ಲೈಡರ್ ಮುಟ್ಟಿ. ಉಬ್ಬು ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಡ್ಯಾಂಪರ್ ಏರಿಸಿ. ಉಬ್ಬಿಗೆ ಬಡಿದು ಇಡೀ ಗಾಡಿ ಒಮ್ಮೆಲೇ ಹಾರಿದರೆ ಸ್ಪ್ರಿಂಗ್ ಇಳಿಸಿ. ಹೊಟ್ಟೆ ನೆಲಕ್ಕೆ ತಾಗಿದರೆ ಇಳಿಸಿದ್ದು ಹೆಚ್ಚಾಯಿತು. ನಿಂತಲ್ಲೇ ಗಾಡಿ ನಡುಗುತ್ತ ಮೆಲ್ಲಗೆ ಸರಿಯುತ್ತಿದ್ದರೆ ಅದು ಸ್ಪ್ರಿಂಗಿನದಲ್ಲ, ಹೆಚ್ಚಾಗಿ ಆಟೊಸ್ಟ್ರಟ್‌ಗಳ (ಭಾಗಗಳನ್ನು ಬಿಗಿಯಾಗಿ ಕಟ್ಟುವ ಕಾಣದ ಆಧಾರಗಳ) ಎಳೆದಾಟ. ‘ಹೆವಿಯೆಸ್ಟ್ ಪಾರ್ಟ್’ಗೆ ಕಟ್ಟಿದ ಆಟೊಸ್ಟ್ರಟ್ ಇಂಧನ ಖಾಲಿಯಾದಾಗಲೋ ಡಾಕ್ ಆದಾಗಲೋ ಬೇರೆ ಭಾಗಕ್ಕೆ ಜಿಗಿಯುತ್ತದೆ. ಇಷ್ಟು ಸಣ್ಣ ಗಾಡಿಗೆ ‘ಗ್ರ್ಯಾಂಡ್‌ಪೇರೆಂಟ್’ ಸಾಕು, ಎಷ್ಟೋ ಸಲ ಅದೂ ಬೇಡ.

‘ಡ್ರೈವ್ ಲಿಮಿಟರ್’ ಅನ್ನು ಮರೆಯಬೇಡಿ. ಮುನ್‌ನಲ್ಲಿ ಆರೂ ಮೋಟಾರಿಗೆ ಪೂರ್ತಿ ಬಲ ಬೇಕಿಲ್ಲ. ಹಿಡಿತಕ್ಕಿಂತ ಬಲ ಹೆಚ್ಚಾದರೆ ಚಕ್ರ ಸುಮ್ಮನೆ ತಿರುಗುತ್ತದೆ, ಕರೆಂಟು ಕುಡಿಯುತ್ತದೆ. ಅರ್ಧಕ್ಕೆ ಇಳಿಸಿ ಇಳಿಜಾರು ಹತ್ತಿಸಿ ನೋಡಿ. ಫಿಸಿಕ್ಸ್ ಟೈಂವಾರ್ಪ್‌ನಲ್ಲಿ (ಆಟದ ಸಮಯವನ್ನು ವೇಗವಾಗಿ ಓಡಿಸುವಾಗ) ಗಾಡಿ ಓಡಿಸಬೇಡಿ. 4 ಪಟ್ಟಿನಲ್ಲಿ ಲೆಕ್ಕದ ಹೆಜ್ಜೆಗಳು ಒರಟಾಗಿ, ಸಸ್ಪೆನ್ಷನ್ ಸರಿಯಾಗಿ ಹೊಂದಿಸಿದ್ದರೂ ಚಕ್ರ ಕಳಚುತ್ತದೆ.

ಕರೆಂಟಿನ ಲೆಕ್ಕ

ಬಲ ಮೇಲಿನ ರಿಸೋರ್ಸ್ ಪಟ್ಟಿ ತೆರೆದಿಟ್ಟು ಒಂದು ನಿಮಿಷ ಓಡಿಸಿದರೆ ಸೆಕೆಂಡಿಗೆ ಎಷ್ಟು ಖರ್ಚು ಎಂದು ತಿಳಿಯುತ್ತದೆ. ಓಡುವಾಗ ಸೆಕೆಂಡಿಗೆ 5 ಯೂನಿಟ್ ಹೋಗುತ್ತಿದೆ ಎಂದುಕೊಳ್ಳಿ. ಬರುವುದು ಆರ್‌ಟಿಜಿಯಿಂದ 0.8. ಎಂಟು ಆಕ್ಸ್-ಸ್ಟಾಟ್‌ಗಳಲ್ಲಿ ಸೂರ್ಯನಿಗೆ ಮುಖ ಮಾಡಿರುವುದು ಮೂರಿದ್ದರೆ, ತಲಾ 0.35ರಂತೆ ಹೆಚ್ಚೆಂದರೆ 1.05. ಕೊರತೆ 3.15. ಕೂಡಿಟ್ಟದ್ದು 920 ಯೂನಿಟ್, ಅದು 290 ಸೆಕೆಂಡಿಗೆ ಸಾಕು. 15 ಮೀ/ಸೆ ವೇಗದಲ್ಲಿ 4 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ಹೋಗಿ, ಎಂಟು ನಿಮಿಷದಷ್ಟು ನಿಂತು ಚಾರ್ಜ್ ಮಾಡಿಕೊಳ್ಳಬೇಕು. ನಿಂತಾಗ ಟೈಂವಾರ್ಪ್ ಸಿಗುವುದರಿಂದ ಇದೇನೂ ದೊಡ್ಡ ಕಾಟವಲ್ಲ. ಗಾಡಿ ಇನಿತೂ ಜಾರುತ್ತಿದ್ದರೆ ಮಾತ್ರ ವಾರ್ಪ್ ಸಿಗದು, ಆಗ ಬ್ರೇಕ್ ಹಾಕಿ, ಫ್ರಿಕ್ಷನ್ ಏರಿಸಿ, ಸಮತಟ್ಟು ಜಾಗ ಹುಡುಕಿ.

ಮುನ್‌ನ ರಾತ್ರಿ 19 ಗಂಟೆಗೂ ಹೆಚ್ಚು ಉದ್ದ. ಸೌರಫಲಕ ಮಾತ್ರ ನಂಬಿದ ಗಾಡಿ ಅಷ್ಟು ಹೊತ್ತು ಸತ್ತಂತೆ. ಒಂದು ಆರ್‌ಟಿಜಿ ಇದ್ದರೆ ಕತ್ತಲಲ್ಲೂ 20 ನಿಮಿಷಕ್ಕೊಮ್ಮೆ ಬ್ಯಾಟರಿ ತುಂಬುತ್ತದೆ. ಡ್ಯೂನಾಗೆ ಹೋಗುವುದಾದರೆ ಅಲ್ಲಿ ಬಿಸಿಲು ಕರ್ಬಿನ್‌ನ ಶೇ. 43ರಷ್ಟೇ, ಆಕ್ಸ್-ಸ್ಟಾಟ್ 0.35 ಬದಲು 0.15 ಕೊಡುತ್ತದೆ. ಮಡಚುವ ಫಲಕಗಳನ್ನು ಬಿಚ್ಚಿಟ್ಟುಕೊಂಡು ಓಡಿಸಿದರೆ ಮೊದಲ ಪಲ್ಟಿಗೇ ಹೋಗುತ್ತವೆ.

ಪರೀಕ್ಷೆ, ಇಳಿಕೆ, ರಿಪೇರಿ

ರನ್‌ವೇ ಪರೀಕ್ಷೆಯನ್ನು ನಂಬಬೇಡಿ ಎಂದಮೇಲೆ ಎಲ್ಲಿ ಪರೀಕ್ಷಿಸುವುದು? ಸೇವ್‌ನ ಪ್ರತಿ ಮಾಡಿಕೊಂಡು ಆಲ್ಟ್+ಎಫ್12 ಒತ್ತಿ, ಚೀಟ್ಸ್‌ನಲ್ಲಿ ‘ಹ್ಯಾಕ್ ಗ್ರಾವಿಟಿ’ಯನ್ನು 0.17ರ ಆಸುಪಾಸಿಗೆ ಇಳಿಸಿದರೆ ರನ್‌ವೇ ಪಕ್ಕದ ಹುಲ್ಲುಗಾವಲೇ ಮುನ್ ಆಗುತ್ತದೆ. ಅದೇ ಕಿಟಕಿಯ ‘ಸೆಟ್ ಪೊಸಿಷನ್’ನಿಂದ ಗಾಡಿಯನ್ನು ನೇರವಾಗಿ ಮುನ್ ಮೇಲೇ ಇಡಬಹುದು, ಓರೆ ನೆಲದ ಪರೀಕ್ಷೆಗೆ ಅದೇ ಮೇಲು. ಇಟ್ಟ ಕೂಡಲೇ ಎಫ್5 ಒತ್ತಿ ಸೇವ್ ಮಾಡಿ.

ಸ್ಕೈಕ್ರೇನ್‌ನಿಂದ (ಗಾಡಿಯನ್ನು ಮೇಲಿನಿಂದ ಹಿಡಿದು ಇಳಿಸುವ ರಾಕೆಟ್) ಇಳಿಸುವಾಗ ಸೆಕೆಂಡಿಗೆ 2 ಮೀಟರ್‌ಗಿಂತ ಕಡಿಮೆ ವೇಗದಲ್ಲಿ ಚಕ್ರ ತಾಗಲಿ, ಬ್ರೇಕ್ ಮೊದಲೇ ಹಾಕಿರಲಿ. ಡಿಕಪ್ಲರ್‌ನ ಬಲದ ಸ್ಲೈಡರನ್ನು 10ಕ್ಕಿಂತ ಕೆಳಗಿಡಿ. ಪೂರ್ತಿ ಬಿಟ್ಟರೆ ಬೇರ್ಪಡುವ ಒದೆತಕ್ಕೇ ಗಾಡಿ ಉರುಳುತ್ತದೆ. ಕ್ರೇನ್ ಹೋದಮೇಲೆ ನ್ಯಾವ್‌ಬಾಲ್ ನೋಡಿ, ರೋವ್‌ಮೇಟ್‌ಗೆ ನಿಯಂತ್ರಣ ಕೊಟ್ಟು, ಆಮೇಲೆ ಬ್ರೇಕ್ ಬಿಡಿ.

ಚಕ್ರ ಒಡೆದರೆ ಬಿಲ್ ಕರ್ಮನ್‌ನಂಥ ಎಂಜಿನಿಯರ್ ಇಳಿದು ರಿಪೇರಿ ಮಾಡಬೇಕು. ಪೈಲಟ್‌ನಿಂದಲೋ ವಿಜ್ಞಾನಿಯಿಂದಲೋ ಆಗದು. ಕೆರಿಯರ್ ಆಟದಲ್ಲಿ ಎಂಜಿನಿಯರ್‌ಗೆ ಅನುಭವವೂ ಬೇಕು. 2020ರ ಡಿಸೆಂಬರ್‌ನಲ್ಲಿ ಬಂದ 1.11ರಿಂದ ರಿಪೇರಿಗೆ ಕಿಟ್ ಬೇಕು, ಹಾಗಾಗಿ ಗಾಡಿಯ ಮೇಲೊಂದು ಸಣ್ಣ ಕಾರ್ಗೊ ಪೆಟ್ಟಿಗೆ ಇಟ್ಟು ಅದರಲ್ಲಿ ಕಿಟ್‌ಗಳನ್ನು ತುಂಬಿ. ಅದೇ ಆವೃತ್ತಿಯ ನಿರ್ಮಾಣ ಸೌಲಭ್ಯದಿಂದ ಎಂಜಿನಿಯರ್ ಭಾಗಗಳನ್ನು ಕಿತ್ತು ಬೇರೆಡೆ ಜೋಡಿಸಬಹುದು. ಎತ್ತಬಲ್ಲ ಭಾರ ಗುರುತ್ವವನ್ನು ಅವಲಂಬಿಸಿರುವುದರಿಂದ ಕರ್ಬಿನ್‌ನಲ್ಲಿ ಜಗ್ಗದ ಭಾಗ ಮುನ್‌ನಲ್ಲಿ ಕೈಗೆ ಬರುತ್ತದೆ. ತಪ್ಪಾಗಿ ಎತ್ತರದಲ್ಲಿಟ್ಟ ಬ್ಯಾಟರಿಯನ್ನು ಅಲ್ಲೇ ಕೆಳಗಿಳಿಸಲು ಇದು ಹೇಳಿಮಾಡಿಸಿದ್ದು. ಒಂದೇ ಚಕ್ರ ಮತ್ತೆ ಮತ್ತೆ ಒಡೆಯುತ್ತಿದ್ದರೆ ಅದರ ಮೇಲೆ ಬೀಳುವ ಭಾರ ನೋಡಿ. ಸಾಮಾನ್ಯವಾಗಿ ಆ ಮೂಲೆಯಲ್ಲೇ ಏನೋ ಭಾರದ ವಸ್ತು ಕೂತಿರುತ್ತದೆ.

ನೆಲೆಯ ಜತೆ ಡಾಕ್ ಮಾಡುವ ಗಾಡಿಗಳಲ್ಲಿ ಕೊನೆಗೆ ಕಾಡುವುದು ಎತ್ತರ. ರನ್‌ವೇಯಲ್ಲಿ ಎರಡು ಗಾಡಿಗಳ ಕ್ಲ್ಯಾಂಪ್-ಒ-ಟ್ರಾನ್ ಡಾಕಿಂಗ್ ಪೋರ್ಟ್‌ಗಳು ಸರಿಯಾಗಿ ಎದುರುಬದುರು ಬಂದಿದ್ದರೂ ಮುನ್‌ನಲ್ಲಿ ಹೊಂದುವುದಿಲ್ಲ. ಭಾರದ ಗಾಡಿಯ ಸ್ಪ್ರಿಂಗ್ ಹೆಚ್ಚು ಏಳುತ್ತದೆ, ಹಗುರದ್ದು ಕಡಿಮೆ, ಬಾಗಿಲುಗಳ ನಡುವೆ ವ್ಯತ್ಯಾಸ ಬೀಳುತ್ತದೆ. ಎರಡೂ ಗಾಡಿಗಳನ್ನು ‘ಹ್ಯಾಕ್ ಗ್ರಾವಿಟಿ’ಯಲ್ಲಿ ನಿಲ್ಲಿಸಿ ಅಲ್ಲಿನ ಎತ್ತರಕ್ಕೆ ಪೋರ್ಟ್ ಕೂರಿಸಿ, ಮೇಲುಕೆಳಗಿನ ಸಣ್ಣ ವ್ಯತ್ಯಾಸವನ್ನು ಸ್ಪ್ರಿಂಗ್ ಸ್ಲೈಡರ್‌ನಲ್ಲೇ ತಿದ್ದಿ. ಬ್ರೇಕಿಂಗ್ ಗ್ರೌಂಡ್ ವಿಸ್ತರಣೆ ಇದ್ದವರು ಪೋರ್ಟಿನ ಹಿಂದೆ ಪಿಸ್ಟನ್ ಇಡಬಹುದು. ಅದಿಲ್ಲದವರಿಗೆ ಕ್ಲಾ (ಹಿಡಿದುಕೊಳ್ಳುವ ಕೊಂಡಿ) ಇದೆ, ಅದಕ್ಕೆ ಎದುರಲ್ಲಿ ಪೋರ್ಟೇ ಬೇಕಿಲ್ಲ. ನೆಲೆಯ ಹತ್ತಿರ ಬರುವಾಗ 200 ಮೀಟರ್ ಆಸುಪಾಸಿನಲ್ಲಿ ಒಮ್ಮೆ ಪೂರ್ತಿ ನಿಂತುಬಿಡಿ. ಆ ದೂರದಲ್ಲೇ ಆಟ ನೆಲೆಗೆ ಭೌತಶಾಸ್ತ್ರ ಜೋಡಿಸುತ್ತದೆ, ನೆಲೆ ಒಮ್ಮೆ ಕುಪ್ಪಳಿಸಿ ಕೂರುತ್ತದೆ. ಅದು ಅಲುಗಾಟ ನಿಲ್ಲಿಸಿದ ಮೇಲೆ ಎಫ್5 ಒತ್ತಿ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಿ.